ಕೋಷ್ಟಕ ಕಿವಿಗೆ ಎಟಕುವ ಬಗೆ

ಕೋಷ್ಟಕದೊಳಗಿನ ಅಂಕಿಗೆ ಸ್ವಂತ ಅರ್ಥವಿಲ್ಲ. ಮೇಲಿನ ತಲೆಬರಹವೂ ಎಡಬದಿಯ ಹೆಸರೂ ಕೂಡುವ ಜಾಗದಲ್ಲಿ ಅದು ಕೂತಿರುವುದರಿಂದಲೇ ಅದಕ್ಕೆ ಅರ್ಥ ಬರುತ್ತದೆ. ನೋಡಿ ಓದುವವರು ನೋಟವನ್ನು ಒಮ್ಮೆ ಮೇಲಕ್ಕೆ, ಒಮ್ಮೆ ಎಡಕ್ಕೆ ಹಾಯಿಸಿ ಈ ಗಂಟನ್ನು ಅರೆಗಳಿಗೆಯಲ್ಲಿ ಹಾಕಿಕೊಳ್ಳುತ್ತಾರೆ. ಕೇಳಿ ಓದುವವರಿಗೆ ಆ ಅನುಕೂಲವಿಲ್ಲ. ದೃಷ್ಟಿಯಿಲ್ಲದವರು ಬಳಸುವ ಸ್ಕ್ರೀನ್ ರೀಡರ್ ಒಂದು ಹೊತ್ತಿಗೆ ಒಂದೇ ಮನೆಯನ್ನು ಓದಿ ಹೇಳುತ್ತದೆ. ಆ ಮನೆ ಯಾವ ತಲೆಬರಹಕ್ಕೆ ಸೇರಿದ್ದು ಎಂಬುದನ್ನು ಜಾಲಪುಟದ ಎಚ್‌ಟಿಎಂಎಲ್ ಸಂಕೇತವೇ ತಿಳಿಸಿಕೊಡಬೇಕು.

ಕಾರವಾರ ತಾಲ್ಲೂಕಿನ ಕೈಗಾ ಅಣುವಿದ್ಯುತ್ ಕೇಂದ್ರದ ಒಂದು ಪುಟ್ಟ ಕೋಷ್ಟಕದಿಂದ ಇದು ಸ್ಪಷ್ಟವಾಗುತ್ತದೆ. ಅದರಲ್ಲಿ ಮೂರು ಕಂಬಸಾಲು: ಘಟಕ, ಸಾಮರ್ಥ್ಯ, ವಾಣಿಜ್ಯ ಉತ್ಪಾದನೆಯ ಆರಂಭ. ನಾಲ್ಕೂ ಘಟಕಗಳ ಸಾಮರ್ಥ್ಯ ತಲಾ 220 ಮೆಗಾವ್ಯಾಟ್. ಒಂದನೆಯ ಘಟಕದ ಆರಂಭ ನವೆಂಬರ್ 2000, ಎರಡನೆಯದು ಮಾರ್ಚ್ 2000, ಮೂರನೆಯದು ಮೇ 2007, ನಾಲ್ಕನೆಯದು ಜನವರಿ 2011. ತಲೆಬರಹಗಳನ್ನು ಗುರುತಿಸದೆ ಬರೆದ ಪುಟದಲ್ಲಿ ಕೊನೆಯ ಕಂಬಸಾಲಿನಲ್ಲಿ ಕೆಳಗಿಳಿಯುತ್ತ ಹೋದವರಿಗೆ ಕೇಳುವುದಿಷ್ಟು: ನವೆಂಬರ್ 2000, ಮಾರ್ಚ್ 2000, ಮೇ 2007, ಜನವರಿ 2011. ನವೆಂಬರಿನ ನಂತರ ಅದೇ ವರ್ಷದ ಮಾರ್ಚ್ ಹೇಗೆ ಬಂತು? ಕೇಳುವವರಿಗೆ ಇದು ಬೆರಳಚ್ಚಿನ ತಪ್ಪೆಂದೇ ಅನಿಸುತ್ತದೆ. ನಿಜಕ್ಕೂ ಅಲ್ಲಿ ಎರಡನೆಯ ಘಟಕವೇ ಮೊದಲು ಉತ್ಪಾದನೆಗೆ ಇಳಿದದ್ದು. ತಲೆಬರಹ ಗುರುತಿಸಿದ ಪುಟದಲ್ಲಿ ಅದೇ ಮನೆ ‘ಘಟಕ 2, ಮಾರ್ಚ್ 2000’ ಎಂದು ಕೇಳುತ್ತದೆ. ಗೊಂದಲ ಹುಟ್ಟುವುದೇ ಇಲ್ಲ.

ಒಂದಕ್ಷರದ ವ್ಯತ್ಯಾಸ

ಎಚ್‌ಟಿಎಂಎಲ್‌ನಲ್ಲಿ ಕೋಷ್ಟಕದ ಪ್ರತಿ ಅಡ್ಡಸಾಲಿಗೆ ‘ಟಿಆರ್’ ಎಂಬ ಟ್ಯಾಗ್ ಇದೆ. ಅದರೊಳಗಿನ ಸಾಮಾನ್ಯ ಮನೆಗೆ ‘ಟಿಡಿ’, ತಲೆಬರಹದ ಮನೆಗೆ ‘ಟಿಎಚ್’. ಬಹಳಷ್ಟು ಪುಟಗಳಲ್ಲಿ ನಡೆಯುವ ತಪ್ಪು ಒಂದೇ: ಎಲ್ಲ ಮನೆಗಳನ್ನೂ ಟಿಡಿ ಮಾಡಿ, ಮೊದಲ ಸಾಲಿನ ಅಕ್ಷರಗಳನ್ನು ದಪ್ಪಗೆ ಮಾಡಿ, ಹಿಂದೆ ಬಣ್ಣ ಬಳಿದು ಬಿಡುವುದು. ಕಣ್ಣಿಗೆ ಅದು ತಲೆಬರಹ. ಸ್ಕ್ರೀನ್ ರೀಡರ್‌ಗೆ ಅದು ದಪ್ಪ ಅಕ್ಷರದ ಇನ್ನೊಂದು ಮನೆ, ಅಷ್ಟೆ. ಟಿಎಚ್ ಆಗಲಿ ಶೀರ್ಷಿಕೆಯಾಗಲಿ ಇಲ್ಲದ ಕೋಷ್ಟಕವನ್ನು ಬ್ರೌಸರ್ ಕೆಲವೊಮ್ಮೆ ಮಾಹಿತಿ ಕೋಷ್ಟಕವೆಂದೇ ಒಪ್ಪುವುದಿಲ್ಲ. ಪುಟದ ಅಂದಕ್ಕೆ ಹಾಕಿದ ಚೌಕಟ್ಟೆಂದು ಬಗೆದು ಅದರ ಸಾಲು ಕಂಬಗಳ ವಿವರವನ್ನೇ ಕೈಬಿಡುತ್ತದೆ.

ಟಿಎಚ್ ಜೊತೆಗೆ ‘ಸ್ಕೋಪ್’ ಎಂಬ ಗುಣವಾಚಕವನ್ನು ಸೇರಿಸಬೇಕು. ತಲೆಬರಹ ತನ್ನ ಕೆಳಗಿನ ಮನೆಗಳಿಗೆ ಸೇರಿದ್ದಾದರೆ ಸ್ಕೋಪ್‌ನ ಬೆಲೆ ‘ಕಾಲ್’. ತನ್ನ ಪಕ್ಕದ ಮನೆಗಳಿಗೆ ಸೇರಿದ್ದಾದರೆ ‘ರೋ’. ಕೈಗಾ ಕೋಷ್ಟಕದಲ್ಲಿ ‘ಸಾಮರ್ಥ್ಯ’ಕ್ಕೆ ಕಾಲ್, ‘ಘಟಕ 2’ಕ್ಕೆ ರೋ. ಮೇಲಿನ ಸಾಲಿಗೆ ಟಿಎಚ್ ಹಾಕುವುದನ್ನು ನೆನಪಿಡುವವರೂ ಎಡಬದಿಯ ಕಂಬಸಾಲನ್ನು ಮರೆಯುವುದುಂಟು. ಮೇಲೆ ಹೇಳಿದ ಮಾರ್ಚ್–ನವೆಂಬರ್ ಗೊಂದಲ ಹುಟ್ಟುವುದು ಈ ಮರೆವಿನಿಂದಲೇ. ಸ್ಕೋಪ್ ಹೊಸತೇನೂ ಅಲ್ಲ. 1997ರ ಡಿಸೆಂಬರಿನಲ್ಲಿ ಬಂದ ಎಚ್‌ಟಿಎಂಎಲ್ 4ರಲ್ಲೇ ಅದಿತ್ತು. ಕೊಂಕಣ ರೈಲು ಮಾರ್ಗ ಪೂರ್ತಿ ಸಂಚಾರಕ್ಕೆ ತೆರೆದದ್ದು 1998ರ ಜನವರಿಯಲ್ಲಿ. ಮುಂಬಯಿಯಿಂದ ಕಾರವಾರಕ್ಕೆ ಬರುವ ರೈಲಿಗಿಂತ ಒಂದು ತಿಂಗಳು ಹಳೆಯದಾದ ಸೌಲಭ್ಯವನ್ನು ಜಾಲಪುಟಗಳು ಇನ್ನೂ ಬಳಸದಿರುವುದಕ್ಕೆ ಸಬೂಬು ಹುಡುಕುವುದು ಕಷ್ಟ.

ವರ್ಡ್‌ಪ್ರೆಸ್‌ನಲ್ಲಿ ಪುಟ ಕಟ್ಟುವವರು ಒಂದನ್ನು ಗಮನಿಸಬೇಕು. ಅದರ ಟೇಬಲ್ ಬ್ಲಾಕಿನಲ್ಲಿ ‘ಹೆಡರ್ ಸೆಕ್ಷನ್’ ಎಂಬ ಗುಂಡಿ ಒತ್ತಿದರೆ ಮೇಲಿನ ಸಾಲು ಟಿಎಚ್ ಆಗುತ್ತದೆ, ಎಡಬದಿಯ ಕಂಬಸಾಲು ಆಗುವುದಿಲ್ಲ. ಅದನ್ನು ಎಚ್‌ಟಿಎಂಎಲ್ ತೆರೆದು ಕೈಯಾರೆ ತಿದ್ದಬೇಕು.

ಕೋಷ್ಟಕಕ್ಕೊಂದು ಹೆಸರು

ಸ್ಕ್ರೀನ್ ರೀಡರ್ ಬಳಸುವವರು ಪುಟವನ್ನು ಮೇಲಿನಿಂದ ಕೆಳಗೆ ಪೂರ್ತಿ ಕೇಳುತ್ತ ಕೂರುವುದಿಲ್ಲ. ಎನ್‌ವಿಡಿಎ ತಂತ್ರಾಂಶದಲ್ಲಿ ‘ಟಿ’ ಅಕ್ಷರ ಒತ್ತಿದರೆ ಮುಂದಿನ ಕೋಷ್ಟಕಕ್ಕೆ ನೇರವಾಗಿ ಜಿಗಿಯಬಹುದು. ಜಿಗಿದ ಕೂಡಲೇ ಎಷ್ಟು ಅಡ್ಡಸಾಲು, ಎಷ್ಟು ಕಂಬಸಾಲು ಎಂಬುದು ಕೇಳುತ್ತದೆ. ‘ಕ್ಯಾಪ್ಶನ್’ ಟ್ಯಾಗ್ ಇದ್ದರೆ ಶೀರ್ಷಿಕೆಯೂ ಕೇಳುತ್ತದೆ. ಇಲ್ಲದಿದ್ದರೆ ‘ಐದು ಅಡ್ಡಸಾಲು, ಮೂರು ಕಂಬಸಾಲಿನ ಕೋಷ್ಟಕ’ ಎಂದಷ್ಟೇ. ಅದು ಯಾವುದರ ಕೋಷ್ಟಕ ಎಂದು ತಿಳಿಯಲು ಒಳಹೊಕ್ಕು ತಡಕಾಡಬೇಕು.

ಕ್ಯಾಪ್ಶನ್ ಟೇಬಲ್ ಟ್ಯಾಗಿನೊಳಗೆ ಎಲ್ಲಕ್ಕಿಂತ ಮೊದಲು ಬರಬೇಕು. ಕೋಷ್ಟಕದ ಮೇಲೆ ಬೇರೆಯಾಗಿ ಬರೆದ ಸಾಲು ನೋಡುವವರಿಗೆ ಶೀರ್ಷಿಕೆಯಾಗಿ ಕಂಡರೂ ಕೋಷ್ಟಕಕ್ಕೆ ಅಂಟಿಕೊಂಡಿರುವುದಿಲ್ಲ. ಶೀರ್ಷಿಕೆಯಲ್ಲಿ ಊರು, ಅವಧಿ, ಅಳತೆಯ ಮಾನ ಮೂರೂ ಇರಲಿ: ‘ಅಂಕೋಲಾ ತಾಲ್ಲೂಕಿನ ಜೂನ್ ತಿಂಗಳ ಮಳೆ, ಮಿಲಿಮೀಟರುಗಳಲ್ಲಿ’. ಮಾನವನ್ನು ಶೀರ್ಷಿಕೆಯಲ್ಲೋ ತಲೆಬರಹದಲ್ಲೋ ಒಮ್ಮೆ ಹೇಳಿದರೆ ಪ್ರತಿ ಮನೆಯಲ್ಲೂ ‘ಮಿ.ಮೀ.’ ಕೇಳುವ ಕಾಟ ತಪ್ಪುತ್ತದೆ. ಹಿಂದೆ ಕೋಷ್ಟಕದ ವಿವರಣೆಗೆಂದು ‘ಸಮ್ಮರಿ’ ಎಂಬ ಗುಣವಾಚಕವಿತ್ತು. ಎಚ್‌ಟಿಎಂಎಲ್ 5 ಅದನ್ನು ಕೈಬಿಟ್ಟಿದೆ. ವಿವರಣೆ ಬೇಕಿದ್ದರೆ ಕೋಷ್ಟಕದ ಮೇಲೆ ಎಲ್ಲರಿಗೂ ಕಾಣುವಂತೆ ಒಂದೆರಡು ವಾಕ್ಯ ಬರೆಯುವುದೇ ಲೇಸು.

ತಲೆಬರಹದ ಮೇಲೊಂದು ತಲೆಬರಹ

ಜನಗಣತಿಯ ಅಂಕಿಅಂಶಗಳಿಗೆ ಬಂದಾಗ ಕೆಲಸ ತುಸು ತೊಡಕಾಗುತ್ತದೆ. ಉತ್ತರ ಕನ್ನಡ ಜಿಲ್ಲೆಯಲ್ಲಿ 2001ರಲ್ಲಿ 6,86,876 ಗಂಡಸರು, 6,66,768 ಹೆಂಗಸರು ಇದ್ದರು. 2011ರಲ್ಲಿ 7,26,256 ಗಂಡಸರು, 7,10,913 ಹೆಂಗಸರು. ಇದನ್ನು ಕೋಷ್ಟಕ ಮಾಡುವಾಗ ಮೇಲಿನ ಸಾಲಿನಲ್ಲಿ ಎರಡು ವರ್ಷಗಳು, ಪ್ರತಿ ವರ್ಷದ ಕೆಳಗೆ ‘ಗಂಡಸರು’, ‘ಹೆಂಗಸರು’ ಎಂಬ ಎರಡೆರಡು ಮನೆಗಳು ಬರುತ್ತವೆ. ವರ್ಷದ ಮನೆ ಎರಡು ಕಂಬಸಾಲುಗಳ ಅಗಲಕ್ಕೆ ಹರಡಿರುತ್ತದೆ. ಹೀಗೆ ಹರಡಿದ ಮನೆಗೆ ಸ್ಕೋಪ್‌ನ ಬೆಲೆ ‘ಕಾಲ್‌ಗ್ರೂಪ್’ ಆಗಬೇಕು. ಅದಕ್ಕೆ ಸರಿಯಾಗಿ ಕೋಷ್ಟಕದ ಆರಂಭದಲ್ಲಿ ಕಾಲ್‌ಗ್ರೂಪ್ ಟ್ಯಾಗುಗಳಿಂದ ಕಂಬಸಾಲುಗಳನ್ನು ಎರಡೆರಡಾಗಿ ಗುಂಪು ಮಾಡಿರಬೇಕು. ಆಗ ಕೊನೆಯ ಮನೆ ‘2011, ಹೆಂಗಸರು, 7,10,913’ ಎಂದು ಕೇಳುತ್ತದೆ. ಮಾಡದಿದ್ದರೆ ‘ಹೆಂಗಸರು’ ಎಂಬುದಷ್ಟೇ ಕೇಳಿ, ಯಾವ ವರ್ಷದ ಹೆಂಗಸರು ಎಂಬುದು ಊಹೆಗೆ ಬಿಟ್ಟದ್ದಾಗುತ್ತದೆ.

ತಾಲ್ಲೂಕುವಾರು ಅಂಕಿಗಳನ್ನು ಕೆಳಗೆ ಕೊಡುವಾಗ ಜಿಲ್ಲೆಯನ್ನು ಕರಾವಳಿ, ಘಟ್ಟದ ಮೇಲು ಎಂದು ಬೇರ್ಪಡಿಸುವ ರೂಢಿಯುಂಟು. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಒಂದು ಗುಂಪು, ಉಳಿದವು ಇನ್ನೊಂದು. ಪ್ರತಿ ಗುಂಪಿಗೂ ಒಂದೊಂದು ‘ಟಿಬಾಡಿ’ ಮಾಡಿ, ಗುಂಪಿನ ಹೆಸರಿಗೆ ‘ರೋಗ್ರೂಪ್’ ಎಂಬ ಸ್ಕೋಪ್ ಕೊಡಬಹುದು. ಇಲ್ಲೊಂದು ಎಚ್ಚರ ಬೇಕು. ಇಂದು ಜಿಲ್ಲೆಯಲ್ಲಿ 12 ತಾಲ್ಲೂಕುಗಳಿದ್ದರೂ 2011ರ ಗಣತಿಯ ಹೊತ್ತಿಗೆ ದಾಂಡೇಲಿ ಪ್ರತ್ಯೇಕ ತಾಲ್ಲೂಕಾಗಿರಲಿಲ್ಲ. ಅದರ ಸಾಲನ್ನು ಇಟ್ಟುಕೊಂಡರೆ ಮನೆಗಳನ್ನು ಖಾಲಿ ಬಿಡದೆ ‘ಆಗ ತಾಲ್ಲೂಕಲ್ಲ’ ಎಂದು ಬರೆಯಬೇಕು. ಖಾಲಿ ಮನೆ ಕಿವಿಗೆ ಏನನ್ನೂ ಹೇಳುವುದಿಲ್ಲ. ಮಾಹಿತಿ ಇಲ್ಲವೋ, ಸೊನ್ನೆಯೋ, ಬೆರಳಚ್ಚಿನವರು ಮರೆತರೋ ಎಂದು ತಿಳಿಯುವ ದಾರಿಯಿಲ್ಲ.

ಇನ್ನೂ ಜಟಿಲವಾದ ಕೋಷ್ಟಕಕ್ಕೆ ಪ್ರತಿ ತಲೆಬರಹಕ್ಕೂ ಒಂದು ‘ಐಡಿ’ ಕೊಟ್ಟು, ಪ್ರತಿ ಮನೆಯಲ್ಲೂ ‘ಹೆಡರ್ಸ್’ ಗುಣವಾಚಕದಲ್ಲಿ ಆ ಐಡಿಗಳನ್ನು ನಮೂದಿಸುವ ದಾರಿ ಇದೆ. ಕೈಯಲ್ಲಿ ಮಾಡಹೊರಟರೆ ಅದು ಬಲೆ ನೇಯ್ದಂತೆ. ಒಂದು ಎಳೆ ತಪ್ಪಿದರೂ ಅಂಕಿ ಬೇರೆ ತಲೆಬರಹಕ್ಕೆ ಸಿಕ್ಕಿಕೊಳ್ಳುತ್ತದೆ. ಆ ಮಟ್ಟಕ್ಕೆ ಮುಟ್ಟಿದ ಕೋಷ್ಟಕವನ್ನು ಎರಡಾಗಿ ಸೀಳಿದರೆ ನೋಡುವವರಿಗೂ ಉಪಕಾರವೇ.

ಕಾಗದದ ಜಿಪುಣತನ ಪರದೆಗೆ ಬೇಡ

ಅಚ್ಚಿನ ಕೋಷ್ಟಕಗಳು ಜಾಗ ಉಳಿಸಲು ಹುಟ್ಟಿದವು. ಅವನ್ನು ಹಾಗೆಯೇ ಜಾಲಪುಟಕ್ಕೆ ಇಳಿಸಿದಾಗ ಕಾಗದದ ಜಿಪುಣತನವೂ ಜೊತೆಗೆ ಬರುತ್ತದೆ. ಇದಕ್ಕೆ ರೈಲಿನ ವೇಳಾಪಟ್ಟಿಗಿಂತ ಒಳ್ಳೆಯ ಉದಾಹರಣೆಯಿಲ್ಲ. ಹಳೆಯ ಮಾದರಿಯ ಅಚ್ಚಿನ ಪಟ್ಟಿಯಲ್ಲಿ ನಿಲ್ದಾಣಗಳ ಹೆಸರು ನಡುವೆ ಇರುತ್ತದೆ: ಅಸ್ನೋಟಿ, ಕಾರವಾರ, ಹಾರವಾಡ, ಅಂಕೋಲಾ, ಗೋಕರ್ಣ ರೋಡ್. ಎಡಗಡೆಯ ರೈಲುಗಳನ್ನು ಮೇಲಿನಿಂದ ಕೆಳಗೆ ಓದಬೇಕು, ಬಲಗಡೆಯ ರೈಲುಗಳನ್ನು ಕೆಳಗಿನಿಂದ ಮೇಲೆ. ಒಂದೇ ಪಟ್ಟಿಯಲ್ಲಿ ಹೋಗುವ ರೈಲು, ಬರುವ ರೈಲು ಎರಡೂ ಆಯಿತು. ಕಣ್ಣಿಗೇ ಒಮ್ಮೊಮ್ಮೆ ಮೋಸವಾಗುವ ಈ ಜಾಣ್ಮೆ ಕಿವಿಗಂತೂ ತೀರ ದಾರಿ ತಪ್ಪಿಸುತ್ತದೆ. ಬಲಗಡೆಯ ಕಂಬಸಾಲಿನಲ್ಲಿ ಕೆಳಗಿಳಿಯುತ್ತ ಹೋದಂತೆ ಗಂಟೆ ಹಿಂದಕ್ಕೆ ಓಡುತ್ತದೆ! ಜಾಲಪುಟದಲ್ಲಿ ಇದು ಎರಡು ಕೋಷ್ಟಕವಾಗಬೇಕು: ದಕ್ಷಿಣಕ್ಕೆ ಹೋಗುವ ರೈಲುಗಳದ್ದು ಒಂದು, ಉತ್ತರಕ್ಕೆ ಹೋಗುವವುಗಳದ್ದು ಒಂದು. ಎರಡರಲ್ಲೂ ನಿಲ್ದಾಣಗಳು ರೈಲು ಮುಟ್ಟುವ ಕ್ರಮದಲ್ಲೇ ಇರಬೇಕು. ಹಾರವಾಡದಂಥ ಸಣ್ಣ ನಿಲ್ದಾಣದಲ್ಲಿ ನಿಲ್ಲದೆ ಹೋಗುವ ರೈಲಿನ ಮನೆಗೆ ಅಡ್ಡಗೆರೆಯೋ ಚುಕ್ಕಿಗಳೋ ಸಾಲವು. ‘ನಿಲ್ಲುವುದಿಲ್ಲ’ ಎಂಬ ಮಾತು ಬೇಕು.

ಭರತ–ಇಳಿತದ ಕೋಷ್ಟಕ ಇನ್ನೊಂದು ಬಗೆಯದು. ಮೀನಿಗೆ ಹೊರಡುವವರು, ಇಳಿತದಲ್ಲಿ ಚಿಪ್ಪಿ ಆರಿಸುವವರು, ಗಂಗಾವಳಿ ನದಿಯ ದಡದಲ್ಲಿ ಉಪ್ಪುನೀರು ನುಗ್ಗುವ ಗಜನಿ ಗದ್ದೆಯವರು ನಂಬುವ ಲೆಕ್ಕವದು. ದಿನಕ್ಕೆ ಸಾಮಾನ್ಯವಾಗಿ ಎರಡು ಭರತ, ಎರಡು ಇಳಿತ. ಒಂದರಿಂದ ಇನ್ನೊಂದಕ್ಕೆ ಸುಮಾರು ಆರು ಗಂಟೆ ಹನ್ನೆರಡು ನಿಮಿಷ. ಅಚ್ಚಿನಲ್ಲಿ ತಾರೀಕನ್ನು ಒಮ್ಮೆ ಬರೆದು, ಅದರ ಎದುರು ನಾಲ್ಕು ಸಾಲುಗಳಲ್ಲಿ ವೇಳೆ, ಎತ್ತರ ಕೊಡುತ್ತಾರೆ. ಯಾವುದು ಭರತ, ಯಾವುದು ಇಳಿತ ಎಂದು ಬರೆದಿರುವುದಿಲ್ಲ. ಎತ್ತರದ ಅಂಕಿ ನೋಡಿಯೇ ತಿಳಿಯಬೇಕು. ಕೆಲವರು ಇದನ್ನು ಜಾಲಪುಟಕ್ಕೆ ತರುವಾಗ ‘ಮೊದಲ ಭರತ’, ‘ಮೊದಲ ಇಳಿತ’, ‘ಎರಡನೆಯ ಭರತ’, ‘ಎರಡನೆಯ ಇಳಿತ’ ಎಂದು ನಾಲ್ಕು ಕಂಬಸಾಲು ಮಾಡುತ್ತಾರೆ. ನೋಡಲು ಚೆಂದವೇ. ಆದರೆ ಸಮುದ್ರ ಚಂದ್ರನ ಗಡಿಯಾರಕ್ಕೆ ನಡೆಯುತ್ತದೆ. ಭರತ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗಿ, ಕೆಲವು ತಾರೀಕುಗಳಲ್ಲಿ ನಾಲ್ಕರ ಬದಲು ಮೂರೇ ಬರುತ್ತವೆ. ಕೆಲವು ದಿನ ಇಳಿತವೇ ಮೊದಲು. ನಾಲ್ಕು ಕಂಬಗಳ ಚೌಕಟ್ಟು ಆಗ ಮುರಿಯುತ್ತದೆ.

ಸರಳವಾದ ದಾರಿ ಹೀಗಿದೆ. ಪ್ರತಿ ಭರತಕ್ಕೆ, ಪ್ರತಿ ಇಳಿತಕ್ಕೆ ಒಂದೊಂದು ಅಡ್ಡಸಾಲು. ಕಂಬಸಾಲುಗಳು ನಾಲ್ಕು: ತಾರೀಕು, ಭರತವೋ ಇಳಿತವೋ, ವೇಳೆ, ಮೀಟರಿನಲ್ಲಿ ಎತ್ತರ. ತಾರೀಕನ್ನು ಪ್ರತಿ ಸಾಲಿನಲ್ಲೂ ಮತ್ತೆ ಬರೆದರೆ ತಪ್ಪೇನೂ ಇಲ್ಲ. ಪರದೆಯಲ್ಲಿ ಜಾಗಕ್ಕೆ ಬಾಡಿಗೆ ಇಲ್ಲ. ತಾರೀಕು ಮತ್ತು ಭರತ–ಇಳಿತ ಎರಡಕ್ಕೂ ರೋ ಸ್ಕೋಪಿನ ಟಿಎಚ್ ಕೊಟ್ಟರೆ, ಎತ್ತರದ ಕಂಬಸಾಲಿನಲ್ಲಿ ಇಳಿಯುವವರಿಗೆ ಪ್ರತಿ ಅಂಕಿಯ ಜೊತೆಗೆ ಯಾವ ದಿನದ್ದು, ಏರುವ ನೀರೋ ಇಳಿಯುವ ನೀರೋ ಎಂಬುದು ಕೇಳುತ್ತದೆ.

ಕಚೇರಿಗಳ ಪಟ್ಟಿಗಳಲ್ಲಿ ಮೇಲಿನ ಸಾಲಿನ ಮಾತನ್ನು ಮತ್ತೆ ಬರೆಯದೆ ‘ಸದರಿ’ ಎಂದೋ ಎರಡು ಗೀಟಿನ ಗುರುತನ್ನೋ ಹಾಕುವ ಚಾಳಿ ಗಟ್ಟಿಯಾಗಿ ಬೇರೂರಿದೆ. ಹತ್ತನೆಯ ‘ಸದರಿ’ ಕೇಳುವವರು ಮೂಲ ಮಾತು ಯಾವುದೆಂದು ಹತ್ತು ಸಾಲು ಹಿಂದೆ ಹೋಗಬೇಕಾಗುತ್ತದೆ. ‘ಅ.ನಂ.’, ‘ಗ್ರಾ.ಪಂ.’, ‘ತಾ.’ ಮುಂತಾದ ಮೊಟಕುಗಳನ್ನು ಯಂತ್ರದ ದನಿ ಅಕ್ಷರಕ್ಕೊಂದು ನಿಲುಗಡೆ ಕೊಟ್ಟು ಓದಿದರೆ ಊರವರಿಗೂ ಅರ್ಥವಾಗದು. ಪೂರ್ತಿ ಬರೆಯುವುದೇ ಸರಿ.

ಬಣ್ಣದಲ್ಲಿ ಮಾತ್ರ ಹೇಳುವುದು

ಮಳೆಗಾಲದಲ್ಲಿ ಕರಾವಳಿಯವರು ದಿನವೂ ಹುಡುಕುವುದು ಹವಾಮಾನ ಇಲಾಖೆಯ ಎಚ್ಚರಿಕೆಯನ್ನು. ಹಸಿರು, ಹಳದಿ, ಕಿತ್ತಳೆ, ಕೆಂಪು ಎಂಬ ನಾಲ್ಕು ಬಣ್ಣಗಳೇ ಅದರ ಭಾಷೆ. ತಾಲ್ಲೂಕಿನ ಹೆಸರಿನ ಎದುರು ಐದು ದಿನಗಳ ಐದು ಬಣ್ಣದ ಚೌಕ ಇಟ್ಟರೆ ನೋಡುವವರಿಗೆ ಸಾಕು. ಚೌಕದೊಳಗೆ ಅಕ್ಷರವೇ ಇಲ್ಲದಿದ್ದರೆ ಸ್ಕ್ರೀನ್ ರೀಡರ್‌ಗೆ ಐದೂ ಖಾಲಿ ಮನೆಗಳು. ಕೆಂಪು–ಹಸಿರು ಬೇರ್ಪಡಿಸಲಾರದ ಬಣ್ಣಗುರುಡಿನವರಿಗೂ ಕಷ್ಟವೇ. ಚೌಕದೊಳಗೆ ‘ಕಿತ್ತಳೆ’ ಎಂಬ ಮಾತನ್ನು ಬರೆದರೆ ಎರಡೂ ತೊಡಕು ಒಟ್ಟಿಗೆ ಬಿಡಿಸಿದಂತಾಯಿತು. ರದ್ದಾದ ಬಸ್ಸಿನ ಹೊತ್ತನ್ನು ಕೆಂಪಕ್ಷರದಲ್ಲಿ ತೋರಿಸುವ ಪಟ್ಟಿಗೂ ಇದೇ ಮದ್ದು.

ಚಿತ್ರ, ಪಿಡಿಎಫ್, ನುಡಿ ಅಕ್ಷರ

ಕೋಷ್ಟಕವೇ ಅಲ್ಲದ ಕೋಷ್ಟಕಗಳೂ ಇವೆ. ಕಾಗದದ ಮೇಲಿನ ಪಟ್ಟಿಗೆ ಮೊಬೈಲಿನಲ್ಲಿ ಫೋಟೊ ಹೊಡೆದು ಪುಟಕ್ಕೆ ಏರಿಸುವುದು, ಸಹಿ–ಮೊಹರು ಬಿದ್ದ ಪ್ರತಿಯನ್ನು ಸ್ಕ್ಯಾನ್ ಮಾಡಿದ ಪಿಡಿಎಫ್ ಹಾಕುವುದು, ಸ್ಪೇಸ್ ಗುಂಡಿ ಒತ್ತಿ ಒತ್ತಿ ಕಂಬಸಾಲು ಮೂಡಿಸುವುದು. ಇವುಗಳಲ್ಲಿ ಸಾಲೂ ಇಲ್ಲ, ಮನೆಯೂ ಇಲ್ಲ. ಸಹಿ ಇರುವ ಪ್ರತಿ ಬೇಕೇ ಬೇಕಾದರೆ ಅದು ಪಕ್ಕದಲ್ಲಿ ಇರಲಿ, ಅದೇ ಮಾಹಿತಿ ಎಚ್‌ಟಿಎಂಎಲ್ ಕೋಷ್ಟಕವಾಗಿಯೂ ಇರಲಿ.

ಕನ್ನಡಕ್ಕೆ ಇನ್ನೊಂದು ತೊಂದರೆ ಅಂಟಿದೆ. ಹಳೆಯ ನುಡಿ ಅಥವಾ ಬರಹ ಅಕ್ಷರಶೈಲಿಯಲ್ಲಿ, ಯುನಿಕೋಡ್ ಅಲ್ಲದ ಸಂಕೇತದಲ್ಲಿ ಬೆರಳಚ್ಚಿಸಿದ ಪಟ್ಟಿ ಪರದೆಯ ಮೇಲೆ ಚೊಕ್ಕ ಕನ್ನಡವಾಗಿ ಕಂಡರೂ ಒಳಗೆ ಇರುವುದು ರೋಮನ್ ಅಕ್ಷರ, ಚಿಹ್ನೆಗಳ ಕಲಬೆರಕೆ. ಸ್ಕ್ರೀನ್ ರೀಡರ್ ಓದುವುದು ಒಳಗಿನದನ್ನೇ. ಟಿಎಚ್, ಸ್ಕೋಪ್ ಎಲ್ಲ ಸರಿಯಿದ್ದರೂ ಕೇಳುವುದು ಬರೀ ಗದ್ದಲ. ಪುಟಕ್ಕೆ ಏರಿಸುವ ಮೊದಲು ಯುನಿಕೋಡಿಗೆ ಪರಿವರ್ತಿಸುವುದು ಇದಕ್ಕೆ ಪರಿಹಾರ. ಜೊತೆಗೆ ಪುಟದ ‘ಲ್ಯಾಂಗ್’ ಗುಣವಾಚಕದಲ್ಲಿ ಭಾಷೆ ಕನ್ನಡವೆಂದು ನಮೂದಿಸಿರಬೇಕು. ಇಲ್ಲವಾದರೆ ಇಂಗ್ಲಿಷ್ ದನಿ ಕನ್ನಡ ಓದಲು ಹೊರಡಬಹುದು.

ಮೊಬೈಲಿನ ಕಿರಿ ಪರದೆಗೆಂದು ಮಾಡುವ ಬದಲಾವಣೆಯೂ ಕೆಲವೊಮ್ಮೆ ಕೆಡುಕು ಮಾಡುತ್ತದೆ. ಅಗಲದ ಕೋಷ್ಟಕವನ್ನು ಸಿಎಸ್‌ಎಸ್ ‘ಡಿಸ್‌ಪ್ಲೇ ಬ್ಲಾಕ್’ ಹಾಕಿ ಚೀಟಿಗಳಂತೆ ಒಂದರ ಕೆಳಗೊಂದು ಜೋಡಿಸಿದರೆ ಕೆಲವು ಬ್ರೌಸರುಗಳು ಅದನ್ನು ಕೋಷ್ಟಕವೆಂದು ಗುರುತಿಸುವುದನ್ನೇ ನಿಲ್ಲಿಸುತ್ತವೆ. ಕೋಷ್ಟಕವನ್ನು ಹಾಗೆಯೇ ಬಿಟ್ಟು, ಅಡ್ಡಕ್ಕೆ ಸರಿಯುವ ಚೌಕಟ್ಟಿನೊಳಗೆ ಇಡುವುದು ಸುರಕ್ಷಿತ. ಆ ಚೌಕಟ್ಟಿಗೆ ‘ಟ್ಯಾಬ್‌ಇಂಡೆಕ್ಸ್ 0’ ಕೊಟ್ಟರೆ ಮೌಸ್ ಬಳಸದವರೂ ಕೀಲಿಮಣೆಯಿಂದ ಸರಿಸಬಹುದು.

ಕಾನೂನಿನ ಮಾತು

2008ರಲ್ಲಿ ಬಂದ ಜಾಲಪುಟ ಸುಗಮ್ಯತೆಯ ಅಂತರರಾಷ್ಟ್ರೀಯ ಮಾರ್ಗಸೂಚಿಯ ಎರಡನೆಯ ಆವೃತ್ತಿ, ಡಬ್ಲ್ಯೂಸಿಎಜಿ 2.0, ಕಣ್ಣಿಗೆ ಕಾಣುವ ಸಂಬಂಧಗಳೆಲ್ಲ ಸಂಕೇತದಲ್ಲೂ ಇರಬೇಕೆಂದು 1.3.1ನೆಯ ಅಂಶದಲ್ಲಿ ಹೇಳುತ್ತದೆ. ಕೋಷ್ಟಕದ ತಲೆಬರಹ ಇದರಡಿ ಬರುತ್ತದೆ. ಅದು ‘ಎ’ ಮಟ್ಟದ, ಎಂದರೆ ಕನಿಷ್ಠ ಅಗತ್ಯ. ಭಾರತ ಸರ್ಕಾರದ ಜಾಲತಾಣಗಳ ಮಾರ್ಗಸೂಚಿಯ ಮೂರನೆಯ ಆವೃತ್ತಿ 2023ರಲ್ಲಿ ಬಂತು. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರದು. ಆ ಕಾಯ್ದೆಯಡಿಯ ನಿಯಮಗಳಲ್ಲಿ ಕಡ್ಡಾಯವಾಗಿ ಪಾಲಿಸಬೇಕಾದ ಮಾನದಂಡ ಇರಲೇಬೇಕೆಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ರಾಜೀವ್ ರತುರಿ ಪ್ರಕರಣದಲ್ಲಿ ತೀರ್ಪಿತ್ತಿದೆ. ಜಾಲತಾಣದ ಹೊರಚೌಕಟ್ಟನ್ನು ಸುಗಮ್ಯವಾಗಿ ಕಟ್ಟಿಕೊಟ್ಟಿದ್ದರೂ, ಅದರೊಳಗೆ ದಿನದಿನ ತುಂಬುವ ಪಟ್ಟಿಗಳ ಹೊಣೆ ತುಂಬುವವರದೇ.

ಪರೀಕ್ಷೆ

ಎನ್‌ವಿಡಿಎ ಉಚಿತ ತಂತ್ರಾಂಶ. ಆಸ್ಟ್ರೇಲಿಯಾದ ಮೈಕೇಲ್ ಕರ್ರನ್ ಮತ್ತು ಜೇಮ್ಸ್ ತೆ 2006ರಲ್ಲಿ ಅದರ ಕೆಲಸ ಆರಂಭಿಸಿದರು, ಇಬ್ಬರೂ ದೃಷ್ಟಿಯಿಲ್ಲದವರೇ. ಅದರೊಂದಿಗೆ ಬರುವ ಇಸ್ಪೀಕ್ ದನಿ ಕನ್ನಡವನ್ನೂ ಓದುತ್ತದೆ. ಉಚ್ಚಾರ ಯಂತ್ರದ್ದೇ ಆದರೂ ಪರೀಕ್ಷೆಗೆ ಧಾರಾಳ ಸಾಕು. ಆಂಡ್ರಾಯ್ಡ್ ಮೊಬೈಲಿನಲ್ಲಿ ಟಾಕ್‌ಬ್ಯಾಕ್ ಇದ್ದೇ ಇರುತ್ತದೆ. ಕಂಪ್ಯೂಟರಿನಲ್ಲಿ ಎನ್‌ವಿಡಿಎ ಶುರುಮಾಡಿ, ಪರದೆಯನ್ನು ಆಫ್ ಮಾಡಿ, ‘ಟಿ’ ಒತ್ತಿ ಕೋಷ್ಟಕಕ್ಕೆ ಹೋಗಬೇಕು. ಕಂಟ್ರೋಲ್ ಮತ್ತು ಆಲ್ಟ್ ಗುಂಡಿಗಳನ್ನು ಒತ್ತಿ ಹಿಡಿದು ಬಾಣದ ಗುಂಡಿಗಳಿಂದ ಮನೆಯಿಂದ ಮನೆಗೆ ಸರಿಯಬೇಕು. ಪಕ್ಕಕ್ಕೆ ಸರಿದಾಗ ಮೇಲಿನ ತಲೆಬರಹ, ಕೆಳಗೆ ಸರಿದಾಗ ಎಡದ ತಲೆಬರಹ ಕೇಳಬೇಕು. ಕೇಳದಿದ್ದರೆ ಎಲ್ಲಿ ತಪ್ಪಿದೆ ಎಂಬುದು ಆಗಲೇ ಸಿಕ್ಕಿತು. ತಾನಾಗಿ ತಪಾಸಣೆ ಮಾಡುವ ಸಾಧನಗಳು ಟಿಎಚ್ ಇಲ್ಲವೆಂದು ತೋರಿಸಿಕೊಡಬಲ್ಲವು. ಇರುವ ತಲೆಬರಹ ತಪ್ಪು ಕಂಬಸಾಲಿನ ಮೇಲೆ ಕೂತಿದ್ದರೆ ಅವಕ್ಕೆ ತಿಳಿಯದು. ಅದಕ್ಕೆ ಕೋಷ್ಟಕ ನೋಡಿರದ ಒಬ್ಬರನ್ನು ಕೂರಿಸಿ, ಕಿವಿಯಿಂದಲೇ ಉತ್ತರ ಹುಡುಕಲು ಒಂದು ಪ್ರಶ್ನೆ ಕೊಡಬೇಕು: ಕೈಗಾದಲ್ಲಿ ಮೊದಲು ಉತ್ಪಾದನೆ ಆರಂಭಿಸಿದ ಘಟಕ ಯಾವುದು?